ಒಂದು ತಾಲ್ಲೂಕು, ಹಲವು ಗುಂಪು: ಒಳಭಂಡಾರಗಳ ಪಟ್ಟಿಯನ್ನು ಬರೆಯುವ ಬಗೆ

ಪಾವಗಡ ಎಲ್ಲಿದೆ ಎಂದು ನಿಮ್ಮ ತರಗತಿಯಲ್ಲಿ ಒಮ್ಮೆ ಕೇಳಿ ನೋಡಿ. ತುಮಕೂರು ಜಿಲ್ಲೆಯಲ್ಲಿ ಎಂಬ ಉತ್ತರ ಕೂಡಲೇ ಬರುತ್ತದೆ. ಉತ್ತರವೇನೋ ಸರಿ. ಆದರೆ ಭೂಪಟವನ್ನು ತೆರೆದರೆ ಪಾವಗಡ ತಾಲ್ಲೂಕು ಜಿಲ್ಲೆಯ ಉಳಿದ ಒಂಬತ್ತು ತಾಲ್ಲೂಕುಗಳಲ್ಲಿ ಯಾವುದಕ್ಕೂ ತಾಗಿಕೊಂಡಿಲ್ಲ. ಬಹುಪಾಲು ಆಂಧ್ರಪ್ರದೇಶ ಅದನ್ನು ಸುತ್ತುವರಿದಿದೆ. ಕರ್ನಾಟಕದೊಡನೆ ಅದರ ನೆಲದ ನಂಟು ಚಿತ್ರದುರ್ಗ ಜಿಲ್ಲೆಯ ಕಡೆಯಿಂದ ಮಾತ್ರ. ಮಧುಗಿರಿಯಿಂದ ಪಾವಗಡಕ್ಕೆ ನೇರ ರಸ್ತೆಯಲ್ಲಿ ಹೋಗುವವರು ನಡುವೆ ಬೇರೆ ರಾಜ್ಯವನ್ನು ದಾಟಿ ಮತ್ತೆ ತಮ್ಮ ಜಿಲ್ಲೆಗೇ ಬರುತ್ತಾರೆ.

ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಸೇರಿ ಮಧುಗಿರಿ ಉಪವಿಭಾಗ. ಶಾಲಾ ಶಿಕ್ಷಣ ಇಲಾಖೆಗೆ ಇದೇ ನಾಲ್ಕು ಸೇರಿ ಒಂದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರಿನ ಹೆಸರು ಒಂದು ಕಡೆ, ಮಧುಗಿರಿಯ ಹೆಸರು ಇನ್ನೊಂದು ಕಡೆ ಇರುವುದನ್ನು ಶಿಕ್ಷಕರೆಲ್ಲ ಬಲ್ಲರು. ಲೋಕಸಭಾ ಚುನಾವಣೆ ಬಂದಿತೆಂದರೆ ಮಾತ್ರ ನಾಲ್ಕು ಎರಡೆರಡಾಗಿ ಒಡೆಯುತ್ತವೆ: ಮಧುಗಿರಿ ಮತ್ತು ಕೊರಟಗೆರೆ ವಿಧಾನಸಭಾ ಕ್ಷೇತ್ರಗಳು ತುಮಕೂರು ಲೋಕಸಭಾ ಕ್ಷೇತ್ರಕ್ಕೆ, ಶಿರಾ ಮತ್ತು ಪಾವಗಡ ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ. ಇಷ್ಟೆಲ್ಲ ಗುಂಪುಗಳಿಗೆ ಸೇರಿದರೂ ಪಾವಗಡದ ನೆಲ ಇರುವಲ್ಲಿಯೇ ಇದೆ.

ಗಣಕ ವಿಜ್ಞಾನದ ಒಂದು ಸಣ್ಣ, ಆದರೆ ಅನೇಕರ ನಿದ್ದೆಗೆಡಿಸಿದ ಪ್ರಶ್ನೆಗೆ ಈ ನಾಲ್ಕು ತಾಲ್ಲೂಕುಗಳು ಒಳ್ಳೆಯ ಮಾದರಿ. ಒಂದು ಭಂಡಾರದ ಒಳಗೆ ಹಲವು ಭಂಡಾರಗಳಿದ್ದರೆ, ಅವುಗಳನ್ನು ಗುಂಪು ಮಾಡಿ ಹೇಳಲು ಎಂಥ ಬರವಣಿಗೆಯ ನಿಯಮ ಬೇಕು ಎಂಬುದೇ ಆ ಪ್ರಶ್ನೆ.

ಭಂಡಾರ ಮತ್ತು ಮುದ್ರೆ

ತಂತ್ರಾಂಶವನ್ನು ಬರೆಯುವವರು ತಮ್ಮ ಕಡತಗಳಲ್ಲಿ ಆಗುವ ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸಿಡಲು ಆವೃತ್ತಿ ನಿಯಂತ್ರಣ ವ್ಯವಸ್ಥೆಗಳನ್ನು ಬಳಸುತ್ತಾರೆ. ಸಬ್‌ವರ್ಷನ್, ಮರ್ಕ್ಯೂರಿಯಲ್, ಗಿಟ್ ಇವು ಹೆಸರಾದವು. ಕೊನೆಯ ಎರಡೂ 2005ರ ಏಪ್ರಿಲ್ ತಿಂಗಳಿನಲ್ಲಿಯೇ ಹುಟ್ಟಿದವು. ಕಡತಗಳು ಮತ್ತು ಅವುಗಳ ಪೂರ್ಣ ಚರಿತ್ರೆ ಸೇರಿ ಒಂದು ಭಂಡಾರ. ಕೆಲಸದ ಒಂದು ಹಂತ ಮುಗಿದಾಗ ‘ಕಮಿಟ್’ ಮಾಡಿದರೆ ಆ ಕ್ಷಣದ ಸ್ಥಿತಿಗೆ ಒಂದು ಮುದ್ರೆ ಬೀಳುತ್ತದೆ. ಗಿಟ್ ಮತ್ತು ಮರ್ಕ್ಯೂರಿಯಲ್‌ಗಳಲ್ಲಿ ಇದು ಸಾಮಾನ್ಯವಾಗಿ ಹದಿನಾರರ ಆಧಾರದ 40 ಅಂಕೆಗಳ ಸಂಖ್ಯೆ. ಕಡತಗಳ ಒಳಗಿನ ವಿಷಯದಿಂದಲೇ ಲೆಕ್ಕ ಹಾಕಿ ತೆಗೆಯುವ ಸಂಖ್ಯೆಯಾದ್ದರಿಂದ ಒಂದು ಅಲ್ಪವಿರಾಮ ಬದಲಾದರೂ ಮುದ್ರೆ ಬೇರೆಯಾಗುತ್ತದೆ. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಉಪಕರಣದ ಸಂಖ್ಯೆ, ದಿನಾಂಕ, ಕೊಠಡಿಯ ತಾಪಮಾನ ಬರೆದಿಡುವುದಕ್ಕೂ ಇದಕ್ಕೂ ಉದ್ದೇಶ ಒಂದೇ. ನಾಳೆ ಯಾರಾದರೂ ‘ಈ ಅಂಕಿ ಎಲ್ಲಿಂದ ಬಂತು?’ ಎಂದರೆ ತೋರಿಸಲು ಆಧಾರ ಬೇಕು.

ಆಧಾರ ಏಕೆ ಬೇಕೆಂಬುದನ್ನು ಒಂದು ಕಲ್ಪಿತ ಯೋಜನೆಯಿಂದ ನೋಡೋಣ. ಪಾವಗಡ ಮತ್ತು ಅದರ ಆಸುಪಾಸಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಹಳೆಯ, ನೋವಿನ ಸಂಗತಿ. ನಾಲ್ಕು ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳು ಊರೂರಿನ ನೀರನ್ನು ತಂದು ಫ್ಲೋರೈಡ್ ವಿದ್ಯುದ್ವಾರದಿಂದ ಅಳೆಯುತ್ತಾರೆ ಎಂದಿಟ್ಟುಕೊಳ್ಳಿ. ಉಪಕರಣ ಕೊಡುವುದು ಮಿಲಿವೋಲ್ಟ್. ಅದನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಪರಿವರ್ತಿಸುವುದು ಒಂದು ಪುಟ್ಟ ಕ್ರಮವಿಧಿ. ಅದನ್ನು ‘ಮಾಪನ’ ಎಂದು ಕರೆಯೋಣ. ಫ್ಲೋರೈಡ್ ಹತ್ತು ಪಟ್ಟು ಹೆಚ್ಚಿದಾಗ ವೋಲ್ಟೇಜು ಎಷ್ಟು ಇಳಿಯುತ್ತದೆಯೋ ಅದು ವಿದ್ಯುದ್ವಾರದ ಇಳಿಜಾರು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿದ್ಧಾಂತದ ಪ್ರಕಾರ ಅದು ಸುಮಾರು 59 ಮಿಲಿವೋಲ್ಟ್. ಹಳೆಯ ವಿದ್ಯುದ್ವಾರಗಳಲ್ಲಿ ಇದಕ್ಕಿಂತ ಕಡಿಮೆ ಬರುವುದುಂಟು. 54 ಬಂದಿತು ಎನ್ನೋಣ.

ಲೀಟರಿಗೆ 1 ಮಿಲಿಗ್ರಾಂ ಇರುವ ಪ್ರಮಾಣಿತ ದ್ರಾವಣಕ್ಕೆ 100 ಮಿಲಿವೋಲ್ಟ್, ಊರ ನೀರಿಗೆ 90 ಮಿಲಿವೋಲ್ಟ್ ಬಂದಿದೆ. ವ್ಯತ್ಯಾಸ 10. ‘ಮಾಪನ’ದ ಮೊದಲ ಆವೃತ್ತಿ ಸಿದ್ಧಾಂತದ 59ನ್ನೇ ಹಿಡಿದು ಲೆಕ್ಕ ಮಾಡುತ್ತದೆ: 10 ಭಾಗಿಸು 59, ಅದನ್ನು ಹತ್ತರ ಘಾತವಾಗಿಸಿದರೆ ಉತ್ತರ 1.48. ತಿದ್ದಿದ ಎರಡನೆಯ ಆವೃತ್ತಿ ಅಳೆದು ಪಡೆದ 54ನ್ನು ಬಳಸುತ್ತದೆ, ಉತ್ತರ 1.53. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಅಪೇಕ್ಷಿತ ಮಿತಿ 1.0; ಬೇರೆ ಮೂಲವಿಲ್ಲದಾಗ ಒಪ್ಪಬಹುದಾದ ಗರಿಷ್ಠ ಮಿತಿ 1.5. ಅದೇ ಬಾವಿ, ಅದೇ ನೀರು, ಅದೇ 90 ಮಿಲಿವೋಲ್ಟ್. ಒಂದು ಆವೃತ್ತಿಯಲ್ಲಿ ಬಾವಿ ಮಿತಿಯೊಳಗಿದೆ, ಇನ್ನೊಂದರಲ್ಲಿ ಮಿತಿ ಮೀರಿದೆ. ಯಾವ ತಾಲ್ಲೂಕಿನ ಅಂಕಿಗಳು ಯಾವ ಆವೃತ್ತಿಯಿಂದ ಬಂದವು ಎಂಬುದು ಗೊತ್ತಿರದಿದ್ದರೆ ನಾಲ್ಕು ತಾಲ್ಲೂಕುಗಳ ಹೋಲಿಕೆಯ ಕೋಷ್ಟಕಕ್ಕೆ ಅರ್ಥವೇ ಇಲ್ಲ.

ಒಳಭಂಡಾರದ ಪಟ್ಟಿ

ನಾಲ್ಕೂ ಕಾಲೇಜಿನವರು ಒಂದೇ ಭಂಡಾರದಲ್ಲಿ ಕೆಲಸ ಮಾಡಬಹುದಲ್ಲವೇ ಎಂದು ನೀವು ಕೇಳಬಹುದು. ಚಿಕ್ಕ ಕೆಲಸವಾದರೆ ಹಾಗೆ ಮಾಡುವುದೇ ಮೇಲು. ಆದರೆ ಪ್ರತಿ ಕಾಲೇಜಿಗೂ ತನ್ನ ದತ್ತದ ಮೇಲೆ ತನ್ನದೇ ಜವಾಬ್ದಾರಿ ಇರಬೇಕು, ಒಬ್ಬರದನ್ನು ಇನ್ನೊಬ್ಬರು ತಿದ್ದಬಾರದು, ಶಿರಾದವರು ಪಾವಗಡದ ಸಾವಿರಾರು ಕಡತಗಳನ್ನು ಸುಮ್ಮನೆ ಇಳಿಸಿಕೊಳ್ಳುವಂತಾಗಬಾರದು ಎಂದಾದರೆ ನಾಲ್ಕು ಭಂಡಾರಗಳು ಬೇಕಾಗುತ್ತವೆ. ಅವನ್ನು ಒಟ್ಟಿಗೆ ಹಿಡಿದಿಡಲು ಒಂದು ಹೊರಭಂಡಾರ. ಅದರೊಳಗೆ ನಾಲ್ಕು ಒಳಭಂಡಾರ.

ಹೊರಭಂಡಾರದಲ್ಲಿ ಒಂದು ಸಂರಚನಾ ಕಡತವಿರುತ್ತದೆ. ಒಳಭಂಡಾರಗಳು ಎಲ್ಲಿಂದ ಬರಬೇಕು, ಯಾವ ಕಡತಕೋಶದಲ್ಲಿ ಕೂರಬೇಕು ಎಂಬುದು ಅದರಲ್ಲಿ ಬರೆದಿರುತ್ತದೆ. ಮೂಲದಲ್ಲಿ ಈ ಕಡತಗಳ ಪದಗಳು ಇಂಗ್ಲಿಷಿನವು. ಇಲ್ಲಿ ಅರ್ಥ ತಿಳಿಯಲೆಂದು ಕನ್ನಡಕ್ಕೆ ತಿರುಗಿಸಿ ಕೊಟ್ಟಿದ್ದೇನೆ. 2009ರಲ್ಲಿ ಒಳಭಂಡಾರಗಳನ್ನು ತಂದ ಮರ್ಕ್ಯೂರಿಯಲ್‌ನದು ಬಹಳ ಸರಳ. ಒಂದು ಸಾಲಿಗೆ ಒಂದು ಭಂಡಾರ:

ದತ್ತ/ಪಾವಗಡ = ../ಪಾವಗಡ

ಎಡಕ್ಕೆ ಹಾದಿ, ಬಲಕ್ಕೆ ಮೂಲ. 2007ರಲ್ಲಿ ಒಳಭಂಡಾರಗಳ ಸೌಲಭ್ಯ ತಂದ ಗಿಟ್‌ನದು ಸ್ವಲ್ಪ ಉದ್ದ:

[ಒಳಭಂಡಾರ "ಪಾವಗಡ"]
ಹಾದಿ = ದತ್ತ/ಪಾವಗಡ
ವಿಳಾಸ = ../ಪಾವಗಡ

ಗಿಟ್‌ನಲ್ಲಿ ಹಾದಿಯಲ್ಲದೆ ಹೆಸರೂ ಇದೆ ಎಂಬುದನ್ನು ಗಮನಿಸಿ. ಮೇಲ್ನೋಟಕ್ಕೆ ಇದು ಪುನರುಕ್ತಿ. ಆದರೆ ನಾಳೆ ಕಡತಕೋಶವನ್ನು ಬೇರೆಡೆಗೆ ಸಾಗಿಸಿದರೆ ಹಾದಿ ಬದಲಾಗುತ್ತದೆ, ಹೆಸರು ಬದಲಾಗದು. ಮನೆ ಬದಲಿಸಿದರೂ ಮನುಷ್ಯ ಅವನೇ ತಾನೆ.

ಎರಡು ವ್ಯವಸ್ಥೆಗಳಲ್ಲಿಯೂ ಒಂದು ಸಮಾನ ವಿವೇಕವಿದೆ. ಒಳಭಂಡಾರದ ಯಾವ ಆವೃತ್ತಿ ಬೇಕೆಂಬ ಮುದ್ರೆಯನ್ನು ಅವು ಈ ಪಟ್ಟಿಯಲ್ಲಿ ಬರೆಯುವುದಿಲ್ಲ. ಮರ್ಕ್ಯೂರಿಯಲ್ ಅದನ್ನು ಇನ್ನೊಂದು ಕಡತದಲ್ಲಿ ತಾನೇ ಬರೆದುಕೊಳ್ಳುತ್ತದೆ. ಗಿಟ್ ಅದನ್ನು ಹೊರಭಂಡಾರದ ಕಮಿಟ್‌ನೊಳಗೆ ಕಡತದ ಜಾಗದಲ್ಲಿಯೇ ನೆಡುತ್ತದೆ. ಮನುಷ್ಯ ಬರೆಯುವ ಕಡತವೇ ಬೇರೆ, ಯಂತ್ರ ಬರೆಯುವ ದಾಖಲೆಯೇ ಬೇರೆ. 40 ಅಂಕೆಗಳನ್ನು ಕೈಯಿಂದ ನಕಲು ಮಾಡುವ ಕೆಲಸ ಯಾರಿಗೂ ಬೇಡ.

ಬರವಣಿಗೆಯ ನಿಯಮವನ್ನು ಒಮ್ಮೆ ಜಗತ್ತಿಗೆ ಕೊಟ್ಟ ಮೇಲೆ ಬದಲಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಸಬ್‌ವರ್ಷನ್ ಸಾಕ್ಷಿ. ಅದರಲ್ಲಿ ಮೊದಲು ಹಾದಿ, ಆಮೇಲೆ ವಿಳಾಸ ಬರೆಯಬೇಕಿತ್ತು. 2008ರ 1.5ನೆಯ ಆವೃತ್ತಿಯಲ್ಲಿ ಇದನ್ನು ತಿರುವುಮುರುವು ಮಾಡಿದರು: ಮೊದಲು ವಿಳಾಸ, ಆಮೇಲೆ ಹಾದಿ. ಕಾರಣ ಒಳ್ಳೆಯದೇ, ಆ ವ್ಯವಸ್ಥೆಯ ಉಳಿದ ಆದೇಶಗಳಲ್ಲಿ ಕ್ರಮ ಹಾಗೆಯೇ ಇತ್ತು. ಆದರೆ ಹಳೆಯ ಕಡತಗಳನ್ನು ಕೈಬಿಡುವಂತಿರಲಿಲ್ಲ. ಹೀಗಾಗಿ ಎರಡೂ ಕ್ರಮಗಳನ್ನು ಒಪ್ಪಬೇಕಾಯಿತು. ಅಲ್ಲಿ ಮುದ್ರೆಯನ್ನು ಬರೆಯುವುದು ಕಡ್ಡಾಯವೂ ಅಲ್ಲ. ಬರೆಯದಿದ್ದರೆ ಇಳಿಸಿಕೊಂಡ ದಿನ ಯಾವುದು ಹೊಸದೋ ಅದೇ ಬರುತ್ತದೆ. ನಮ್ಮ ಫ್ಲೋರೈಡ್ ಲೆಕ್ಕಕ್ಕೆ ಇದು ಆಗಿಬರುವ ಮಾತಲ್ಲ.

ಗುಂಪು ಎಂದರೆ ಕಡತಕೋಶವಲ್ಲ

ನಾಲ್ಕು ಭಂಡಾರಗಳಿದ್ದಾಗ ಗುಂಪಿನ ಚಿಂತೆಯೇ ಬೇಡ. ಯೋಜನೆ ಬೆಳೆದು ಪ್ರತಿ ಹೋಬಳಿಗೊಂದು ಭಂಡಾರವಾಯಿತು ಎನ್ನಿ. ಆಗ ‘ಮಧುಗಿರಿ ಶೈಕ್ಷಣಿಕ ಜಿಲ್ಲೆಯವು ಮಾತ್ರ ಬೇಕು’, ‘ಚಿತ್ರದುರ್ಗ ಲೋಕಸಭಾ ಕ್ಷೇತ್ರದವು ಸಾಕು’ ಎನ್ನುವವರು ಹುಟ್ಟುತ್ತಾರೆ. ಮೊದಲು ಹೊಳೆಯುವ ಉಪಾಯ ಹಾದಿಯನ್ನೇ ಗುಂಪಾಗಿಸುವುದು:

ತುಮಕೂರು/ಮಧುಗಿರಿ/ಪಾವಗಡ

ಅಚ್ಚುಕಟ್ಟಾಗಿ ಕಾಣುತ್ತದೆ. ಎರಡು ಕಾರಣಗಳಿಂದ ಇದು ಮುರಿದು ಬೀಳುತ್ತದೆ. ಒಂದು, ಕಡತಕೋಶಗಳದು ಮರದ ರಚನೆ. ಒಂದು ಕೋಶಕ್ಕೆ ಒಂದೇ ತಾಯಿ. ಪಾವಗಡ ‘ಮಧುಗಿರಿ’ಯ ಒಳಗೆ ಕುಳಿತಿತೆಂದರೆ ‘ಚಿತ್ರದುರ್ಗ’ದ ಒಳಗೂ ಕೂರಲಾರದು. ಗುಂಪುಗಳದು ಗಣಗಳ ರಚನೆ. ಒಂದು ಧಾತು ಎಷ್ಟು ಗಣಗಳಲ್ಲಿ ಬೇಕಾದರೂ ಇರಬಹುದು. ಗಣಿತದ ತರಗತಿಯಲ್ಲಿ ವೆನ್ ನಕ್ಷೆ ಬರೆಸಿದ ಶಿಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಕಾರಣ ಕಾಲ. ಮಧುಗಿರಿಯ ಪಕ್ಕದ ಗೌರಿಬಿದನೂರು 2007ರವರೆಗೆ ಕೋಲಾರ ಜಿಲ್ಲೆಯಲ್ಲಿತ್ತು, ಅನಂತರ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ‘ತುಮ್ಕೂರ್’ ಎಂದಿದ್ದುದು ಅಧಿಕೃತವಾಗಿ ‘ತುಮಕೂರು’ ಆಯಿತು. ಮಧುಗಿರಿಯನ್ನೇ ಜಿಲ್ಲೆಯಾಗಿಸಬೇಕೆಂಬ ಬೇಡಿಕೆಯೂ ಇದೆ. ಹಾದಿಯಲ್ಲಿ ಆಡಳಿತವನ್ನು ಬರೆದಿಟ್ಟರೆ ಸರ್ಕಾರದ ಒಂದೊಂದು ಅಧಿಸೂಚನೆಗೂ ಕಡತಕೋಶಗಳನ್ನು ಸಾಗಿಸಬೇಕಾಗುತ್ತದೆ. ಹಾದಿಯನ್ನು ನಂಬಿ ಬರೆದ ಕ್ರಮವಿಧಿಗಳೆಲ್ಲ ಕೆಡುತ್ತವೆ. ನೀರಿನ ಫ್ಲೋರೈಡ್ ಮಾತ್ರ ಹಾಗೆಯೇ ಇರುತ್ತದೆ.

ಆದ್ದರಿಂದ ಹಾದಿ ಚಪ್ಪಟೆಯಾಗಿರಲಿ, ಗುಂಪು ಬೇರೆಯಾಗಿರಲಿ. ಇದನ್ನು ಬರೆಯಲು ಎರಡು ಬಗೆಗಳಿವೆ. ಗುಂಪಿನ ಹೆಸರಿನಡಿ ಸದಸ್ಯರನ್ನು ಪಟ್ಟಿ ಮಾಡಬಹುದು:

[ಗುಂಪು "ಶಿಕ್ಷಣ:ಮಧುಗಿರಿ"]
ಸದಸ್ಯರು = ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ

ಇಲ್ಲವೇ ಪ್ರತಿ ಸದಸ್ಯನ ಅಡಿಯಲ್ಲಿ ಅವನ ಗುಂಪುಗಳನ್ನು ಬರೆಯಬಹುದು:

[ಒಳಭಂಡಾರ "ಪಾವಗಡ"]
ಹಾದಿ = ದತ್ತ/ಪಾವಗಡ
ವಿಳಾಸ = ../ಪಾವಗಡ
ಗುಂಪು = ಶಿಕ್ಷಣ:ಮಧುಗಿರಿ
ಗುಂಪು = ಲೋಕಸಭೆ:ಚಿತ್ರದುರ್ಗ

ಓದಲು ಮೊದಲನೆಯದು ಹಿತ. ಗುಂಪಿನಲ್ಲಿ ಯಾರಿದ್ದಾರೆಂದು ಒಂದೇ ನೋಟಕ್ಕೆ ಕಾಣುತ್ತದೆ. ನಿರ್ವಹಣೆಗೆ ಎರಡನೆಯದು ಹಿತ. ಕಾರಣ ಆವೃತ್ತಿ ನಿಯಂತ್ರಣದ ಸ್ವಭಾವದಲ್ಲಿಯೇ ಇದೆ. ಇಬ್ಬರು ಮಾಡಿದ ಬದಲಾವಣೆಗಳನ್ನು ಕೂಡಿಸುವಾಗ ಈ ವ್ಯವಸ್ಥೆಗಳು ಸಾಲುಸಾಲಾಗಿ ಹೋಲಿಸುತ್ತವೆ. ಶಿರಾದವರು ಒಂದು ಹೋಬಳಿಯನ್ನೂ ಕೊರಟಗೆರೆಯವರು ಇನ್ನೊಂದನ್ನೂ ಅದೇ ವಾರ ಸೇರಿಸಿದರೆ, ಮೊದಲ ಬಗೆಯಲ್ಲಿ ಇಬ್ಬರೂ ‘ಸದಸ್ಯರು’ ಎಂಬ ಒಂದೇ ಸಾಲನ್ನು ತಿದ್ದಿರುತ್ತಾರೆ. ಘರ್ಷಣೆ ಖಚಿತ. ಎರಡನೆಯ ಬಗೆಯಲ್ಲಿ ಹೊಸ ಭಂಡಾರದ ವಿವರವೆಲ್ಲ ಒಂದೇ ಕಡೆ ಇರುತ್ತದೆ. ಪಟ್ಟಿಯನ್ನು ಹೆಸರಿನ ಅಕಾರಾದಿಯಲ್ಲಿ ಇಟ್ಟುಕೊಂಡರೆ ಇಬ್ಬರ ಸಾಲುಗಳು ದೂರ ದೂರ ಬೀಳುವ ಸಂಭವ ಹೆಚ್ಚು. ಒಳಭಂಡಾರವನ್ನು ಅಳಿಸಿದಾಗಲೂ ಅಷ್ಟೇ, ಯಾವುದೋ ಗುಂಪಿನ ಪಟ್ಟಿಯಲ್ಲಿ ಅದರ ಹೆಸರು ಪಳೆಯುಳಿಕೆಯಂತೆ ಉಳಿಯುವುದಿಲ್ಲ. ನನ್ನ ಮತ ಎರಡನೆಯದಕ್ಕೆ. ಗುಂಪಿನ ಪಟ್ಟಿಯನ್ನು ಕಣ್ಣಿಂದ ನೋಡಬೇಕೆನಿಸಿದರೆ ಯಂತ್ರವೇ ಅದನ್ನು ತಯಾರಿಸಿ ತೋರಿಸಲಿ.

ಆಂಡ್ರಾಯ್ಡ್ ಕಾರ್ಯಾಚರಣಾ ವ್ಯವಸ್ಥೆಯ ನೂರಾರು ಭಂಡಾರಗಳನ್ನು ನಿಭಾಯಿಸಲು ಗೂಗಲ್ ರೂಪಿಸಿದ ‘ರೆಪೊ’ ಸಾಧನವೂ ಇದೇ ಬಗೆಯನ್ನು ಆರಿಸಿತು. ಅದರ ಪಟ್ಟಿಯಲ್ಲಿ ಪ್ರತಿ ಯೋಜನೆಗೂ ಹೆಸರು, ಹಾದಿ, ಗುಂಪುಗಳು ಎಂಬ ಮೂರು ಬೇರೆ ಬೇರೆ ಅಂಕಣಗಳಿವೆ. ಯಾರೂ ಬರೆಯದಿದ್ದರೂ ಪ್ರತಿಯೊಂದೂ ‘ಎಲ್ಲ’ ಎಂಬ ಗುಂಪಿಗೆ, ತನ್ನ ಹೆಸರಿನ ಗುಂಪಿಗೆ, ತನ್ನ ಹಾದಿಯ ಗುಂಪಿಗೆ ತಾನಾಗಿಯೇ ಸೇರುತ್ತದೆ. ಹೀಗಾಗಿ ಒಂಟಿ ಭಂಡಾರವನ್ನು ಕೇಳಲು ಪ್ರತ್ಯೇಕ ವ್ಯಾಕರಣ ಬೇಕಾಗಲಿಲ್ಲ. ನನಗೆ ಬಹಳ ಮೆಚ್ಚುಗೆಯಾದ ಯುಕ್ತಿ ಇದು.

ಗಿಟ್‌ನವರು ಇನ್ನೊಂದು ದಾರಿ ಹಿಡಿದರು. ಒಳಭಂಡಾರಗಳಿಗೆ ಗುಂಪು ಅಥವಾ ಚೀಟಿ ಅಂಟಿಸುವ ಪ್ರಸ್ತಾವಗಳು 2016ರ ಸುಮಾರಿಗೆ ಚರ್ಚೆಗೆ ಬಂದವು. ಕೊನೆಗೆ 2017ರ ಮೇ ತಿಂಗಳಿನ 2.13ನೆಯ ಆವೃತ್ತಿಯಲ್ಲಿ ಬಂದದ್ದು ಬೇರೆ: ಯಾವ ಒಳಭಂಡಾರಗಳು ‘ಸಕ್ರಿಯ’ ಎಂಬುದನ್ನು ಹಾದಿಯ ನಮೂನೆಯಿಂದ ಹೇಳುವ ಸೌಲಭ್ಯ. ಅದನ್ನು ಬರೆಯುವುದು ಎಲ್ಲರೂ ಹಂಚಿಕೊಳ್ಳುವ ಪಟ್ಟಿಯಲ್ಲಲ್ಲ, ಬಳಕೆದಾರನ ಸ್ವಂತ ಗಣಕದ ಸಂರಚನೆಯಲ್ಲಿ. ಯಾವುದು ಯಾವ ಗುಂಪಿನಲ್ಲಿದೆ ಎಂಬುದು ಎಲ್ಲರಿಗೂ ಸಂಬಂಧಿಸಿದ ಸಂಗತಿ. ನನಗೆ ಯಾವ ಗುಂಪು ಬೇಕು ಎಂಬುದು ನನ್ನ ಸ್ವಂತ ಆಯ್ಕೆ. ಎರಡನೆಯದನ್ನು ಸ್ವಂತ ಗಣಕದಲ್ಲಿ ಇಟ್ಟದ್ದು ಸರಿಯೇ. ಮೊದಲನೆಯದಕ್ಕೆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲವೆಂಬುದು ನನ್ನ ತಕರಾರು.

ಕೂಡುವುದು, ಕಳೆಯುವುದು

ಗುಂಪುಗಳನ್ನು ಬರೆದ ಮೇಲೆ ಅವನ್ನು ಕೇಳುವ ಭಾಷೆ ಬೇಕು. ‘ರೆಪೊ’ದಲ್ಲಿ ಅಲ್ಪವಿರಾಮ ಹಾಕಿ ಗುಂಪುಗಳನ್ನು ಬರೆಯುತ್ತಾರೆ, ಬೇಡವಾದ ಗುಂಪಿನ ಮುಂದೆ ಕಳೆಯುವ ಚಿಹ್ನೆ. ನಮ್ಮ ಉದಾಹರಣೆಯಲ್ಲಿ:

ಶಿಕ್ಷಣ:ಮಧುಗಿರಿ,-ಲೋಕಸಭೆ:ಚಿತ್ರದುರ್ಗ

ಎಂದರೆ ನಾಲ್ಕರಲ್ಲಿ ಶಿರಾ ಮತ್ತು ಪಾವಗಡ ಕಳೆದು ಮಧುಗಿರಿ, ಕೊರಟಗೆರೆ ಉಳಿಯುತ್ತವೆ. ಇದನ್ನೇ ತಿರುಗಿಸಿ ಬರೆಯಿರಿ:

-ಲೋಕಸಭೆ:ಚಿತ್ರದುರ್ಗ,ಶಿಕ್ಷಣ:ಮಧುಗಿರಿ

ಈಗ ನಾಲ್ಕೂ ಬರುತ್ತವೆ! ಏಕೆಂದರೆ ಆ ಸಾಧನ ಎಡದಿಂದ ಬಲಕ್ಕೆ ಓದುತ್ತದೆ; ಕೊನೆಗೆ ಹೊಂದಿಕೆಯಾದ ಮಾತೇ ಅದಕ್ಕೆ ಅಂತಿಮ. ಅಂಕಗಣಿತದಲ್ಲಿ ಐದಕ್ಕೆ ಮೂರು ಸೇರಿಸಿ ಎರಡು ಕಳೆದರೂ, ಎರಡು ಕಳೆದು ಮೂರು ಸೇರಿಸಿದರೂ ಉತ್ತರ ಒಂದೇ. ಗಣಗಳ ವ್ಯತ್ಯಾಸದಲ್ಲಿ ಹಾಗಲ್ಲ. ವಿದ್ಯಾರ್ಥಿಗಳಿಗೆ ಈ ಎರಡು ಸಾಲುಗಳನ್ನು ಕೊಟ್ಟು ಉತ್ತರ ಬರೆಯಿಸಿದರೆ ಗಣ ಸಿದ್ಧಾಂತದ ಒಂದು ಒಳ್ಳೆಯ ಅಭ್ಯಾಸವಾಗುತ್ತದೆ. ‘ಈ ಎರಡೂ ಗುಂಪುಗಳಲ್ಲಿರುವವು ಮಾತ್ರ’ ಎಂಬ ಛೇದನವನ್ನು ಈ ಭಾಷೆಯಲ್ಲಿ ನೇರವಾಗಿ ಹೇಳಲು ಬರುವುದಿಲ್ಲ ಎಂಬುದನ್ನೂ ಅವರೇ ಕಂಡುಕೊಳ್ಳಲಿ.

ಕೇಳಿದ ಗುಂಪೇ ಇಲ್ಲದಿದ್ದರೆ ಏನಾಗಬೇಕು? ಖಾಲಿ ಗಣವೂ ಗಣವೇ ಎಂದು ಸುಮ್ಮನಿರುವುದು ಗಣಿತಕ್ಕೆ ಒಪ್ಪಿಗೆ. ಕೆಲಸಕ್ಕೆ ಅಪಾಯ. ಒಬ್ಬರು ಅವಸರದಲ್ಲಿ ‘ಮಧುಗಿರಿ’ಯನ್ನು ‘ಮದುಗಿರಿ’ ಎಂದು ಟೈಪು ಮಾಡಿದರೆ ಆ ತಾಲ್ಲೂಕಿನ ಬಾವಿಗಳು ವರದಿಯಿಂದ ಸದ್ದಿಲ್ಲದೆ ಮಾಯವಾಗುತ್ತವೆ. ವರದಿ ಮಾತ್ರ ಅಂದವಾಗಿಯೇ ಮುದ್ರಣವಾಗುತ್ತದೆ. ತಿಳಿಯದ ಹೆಸರು ಕಂಡರೆ ಕೆಲಸ ನಿಲ್ಲಿಸಿ ಕೂಗಿ ಹೇಳಬೇಕು ಎಂಬುದನ್ನು ನಿಯಮದಲ್ಲಿಯೇ ಸೇರಿಸುವುದು ಒಳ್ಳೆಯದು.

ಕೊರಟಗೆರೆಯ ತೊಡಕು

ಕಣ್ಣಿಗೆ ಕಾಣುವ ತಪ್ಪಿಗಿಂತ ಕಾಣದ ತಪ್ಪು ಕೆಟ್ಟದ್ದು. ಕನ್ನಡದಲ್ಲಿಯೇ ಗುಂಪಿನ ಹೆಸರಿಡುವವರು ಇದನ್ನು ತಿಳಿದಿರಬೇಕು. ಗಿಟ್‌ನ ಸಂರಚನಾ ಕಡತದಲ್ಲಿ ಹಾದಿ, ವಿಳಾಸದಂಥ ಕೀಲಿಪದಗಳು ರೋಮನ್ ಅಕ್ಷರಗಳಲ್ಲಿಯೇ ಇರಬೇಕು. ಆದರೆ ಉದ್ಧರಣ ಚಿಹ್ನೆಯೊಳಗಿನ ಹೆಸರು ಮತ್ತು ಸಮಚಿಹ್ನೆಯ ಬಲಗಡೆಯ ಮೌಲ್ಯ ಕನ್ನಡದಲ್ಲಿರಲು ಅಡ್ಡಿಯಿಲ್ಲ.

‘ಕೊ’ ಅಕ್ಷರವನ್ನು ನೋಡಿ. ಯೂನಿಕೋಡ್‌ನಲ್ಲಿ ಇದರ ಸ್ವರಚಿಹ್ನೆಯನ್ನು ಎರಡು ರೀತಿಯಲ್ಲಿ ಬರೆಯಬಹುದು. ‘ಒ’ ಕಾರದ ಚಿಹ್ನೆಗೆ ಒಂದೇ ಸಂಕೇತ ಬಳಸಬಹುದು. ಇಲ್ಲವೇ ‘ಎ’ ಕಾರದ ಚಿಹ್ನೆ, ಅದರ ಬೆನ್ನಿಗೆ ‘ಊ’ ಕಾರದ ಚಿಹ್ನೆ ಎಂದು ಎರಡು ಸಂಕೇತ ಬಳಸಬಹುದು. ಎರಡೂ ಸಮಾನವೆಂದು ಯೂನಿಕೋಡ್ ಮಾನಕವೇ ಹೇಳುತ್ತದೆ, ತೆರೆಯ ಮೇಲೆಯೂ ಒಂದೇ ರೂಪ. ಆದರೆ ಯುಟಿಎಫ್-8 ರೂಪದಲ್ಲಿ ‘ಕೊರಟಗೆರೆ’ ಮೊದಲ ರೀತಿಯಲ್ಲಿ 24 ಬೈಟು, ಎರಡನೆಯ ರೀತಿಯಲ್ಲಿ 27 ಬೈಟು. ಬೈಟುಗಳನ್ನು ಹೋಲಿಸುವ ಸಾಧನಕ್ಕೆ ಇವೆರಡು ಬೇರೆ ಬೇರೆ ಊರು. ಗುಣಿತಾಕ್ಷರಗಳ ಈ, ಏ, ಐ, ಒ, ಓ ಚಿಹ್ನೆಗಳಿಗೆಲ್ಲ ಈ ದ್ವಂದ್ವವಿದೆ. ನಮ್ಮ ನಾಲ್ಕು ಹೆಸರುಗಳಲ್ಲಿ ಸಿಕ್ಕಿಬೀಳುವುದು ಕೊರಟಗೆರೆಯೊಂದೇ ಎಂಬುದು ಕಾಕತಾಳೀಯ. ಆ್ಯಪಲ್ ಗಣಕಗಳ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ಹಾಗೆ ಬಂದ ಹೆಸರುಗಳನ್ನು ಮತ್ತೆ ಕೂಡಿಸುವ ಸೌಲಭ್ಯವನ್ನು ಗಿಟ್ 2012ರಲ್ಲಿ ಸೇರಿಸಬೇಕಾಯಿತು. ಗುಂಪಿನ ಹೆಸರನ್ನು ಓದಿದ ಕೂಡಲೇ ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸುವುದು ಇದಕ್ಕೆ ಮದ್ದು. ‘ಶಿರಾ’ ಮತ್ತು ‘ಸಿರಾ’ ಎರಡೂ ರೂಢಿಯಲ್ಲಿರುವುದಕ್ಕೆ ಮಾತ್ರ ಯಂತ್ರದಲ್ಲಿ ಮದ್ದಿಲ್ಲ, ಮೊದಲೇ ಕುಳಿತು ತೀರ್ಮಾನಿಸಿಕೊಳ್ಳಬೇಕು.

ಹೆಸರಿನ ವಿಷಯದಲ್ಲಿ ಸಡಿಲ ಬಿಟ್ಟರೆ ಕಳ್ಳರಿಗೂ ದಾರಿಯಾಗುತ್ತದೆ. ಗಿಟ್ ಒಳಭಂಡಾರದ ಹೆಸರನ್ನೇ ತನ್ನ ಒಳಗಿನ ಒಂದು ಕಡತಕೋಶದ ಹೆಸರಾಗಿ ಬಳಸುತ್ತದೆ. ‘ಮೇಲಿನ ಕೋಶಕ್ಕೆ ಹೋಗು’ ಎಂದು ಸೂಚಿಸುವ ಎರಡು ಚುಕ್ಕಿಗಳನ್ನು ಹೆಸರಿನಲ್ಲಿ ತುರುಕಿ, ಇಳಿಸಿಕೊಂಡವರ ಗಣಕದಲ್ಲಿ ತಮ್ಮ ಆದೇಶಗಳನ್ನು ನಡೆಸಲು ಸಾಧ್ಯವೆಂಬುದು 2018ರಲ್ಲಿ ಬಯಲಾಯಿತು. ಆ ವರ್ಷದ ಮೇ ತಿಂಗಳಿನ 2.17.1ನೆಯ ಆವೃತ್ತಿಯಲ್ಲಿ ಅಂಥ ಹೆಸರುಗಳನ್ನು ತಿರಸ್ಕರಿಸುವ ತಪಾಸಣೆ ಬಂತು. ಪಟ್ಟಿ ಬೇರೆಯವರಿಂದ ಬರುವ ಕಡತ ಎಂಬುದನ್ನು ಮೊದಲ ವಿನ್ಯಾಸದಲ್ಲಿಯೇ ನೆನಪಿಡಬೇಕಾಗಿತ್ತು.

ಗುಂಪು ಮತ್ತು ಮುದ್ರೆ ಎದುರಾದಾಗ

ಈಗ 1.48 ಮತ್ತು 1.53ರ ಪ್ರಶ್ನೆಗೆ ಹಿಂತಿರುಗೋಣ. ನಾಲ್ಕು ದತ್ತ ಭಂಡಾರಗಳೂ ‘ಮಾಪನ’ವನ್ನು ತಮ್ಮ ತಮ್ಮ ಒಳಭಂಡಾರವಾಗಿ ಇಟ್ಟುಕೊಂಡಿವೆ ಎನ್ನಿ. ಅಂದರೆ ಹೊರಭಂಡಾರದಲ್ಲಿ ‘ಮಾಪನ’ ನಾಲ್ಕು ಸಲ ಇದೆ, ನಾಲ್ಕಕ್ಕೂ ಸ್ವಂತ ಮುದ್ರೆ. ‘ಮಾಪನ’ ತಿದ್ದುಪಡಿಯಾಯಿತು. ಒಬ್ಬರು ಲೋಕಸಭೆ:ಚಿತ್ರದುರ್ಗ ಗುಂಪನ್ನು ಮಾತ್ರ ಆರಿಸಿಕೊಂಡು ನವೀಕರಿಸಿ ಕಮಿಟ್ ಮಾಡಿದರು. ಶಿರಾ ಮತ್ತು ಪಾವಗಡ ಈಗ 54ರಲ್ಲಿ, ಮಧುಗಿರಿ ಮತ್ತು ಕೊರಟಗೆರೆ 59ರಲ್ಲಿ. ಯಾರೂ ತಪ್ಪು ಮಾಡಿಲ್ಲ. ಯಾವ ಸಾಧನವೂ ದೂರು ಹೇಳಿಲ್ಲ. ಆದರೂ ಅದೇ 90 ಮಿಲಿವೋಲ್ಟ್ ಕೊಟ್ಟ ಎರಡು ಬಾವಿಗಳಲ್ಲಿ ಪಾವಗಡದ್ದು ಮಿತಿ ಮೀರಿದ್ದು, ಮಧುಗಿರಿಯದ್ದು ಸುರಕ್ಷಿತ ಎಂದು ಕೋಷ್ಟಕ ಹೇಳುತ್ತದೆ. ಮಧುಗಿರಿಯವರು ಆ ನೀರನ್ನು ಕುಡಿಯುತ್ತಲೇ ಇರುತ್ತಾರೆ.

ಇದಕ್ಕೆ ಎರಡು ಪರಿಹಾರಗಳನ್ನು ಯೋಚಿಸಬಹುದು. ‘ಮಾಪನ’ವನ್ನು ಒಳಗಿಂದ ಹೊರಗೆ ತಂದು, ದತ್ತ ಭಂಡಾರಗಳ ಸರಿಸಮಾನವಾಗಿ ಹೊರಭಂಡಾರದಲ್ಲಿ ಒಮ್ಮೆ ಮಾತ್ರ ಇಡುವುದು ಒಂದು. ಮರ್ಕ್ಯೂರಿಯಲ್ ಬಳಗದವರೂ ಹೊರಭಂಡಾರ ತೆಳುವಾದ ಚಿಪ್ಪಿನಂತಿದ್ದು, ಭಂಡಾರಗಳೆಲ್ಲ ಅದರಡಿ ಒಡಹುಟ್ಟಿದವರಂತೆ ಇರಲಿ ಎಂದೇ ಸಲಹೆ ಕೊಟ್ಟಿದ್ದಾರೆ. ಒಳಭಂಡಾರಗಳನ್ನು ಬೇರೆ ದಾರಿಯೇ ಇಲ್ಲದಾಗ ಬಳಸುವ ಸೌಲಭ್ಯವೆಂದೇ ಅವರು ಎಚ್ಚರಿಸುತ್ತಾರೆ. ತೊಡಕೆಂದರೆ, ಪಾವಗಡದ ವಿದ್ಯಾರ್ಥಿ ತನ್ನ ತಾಲ್ಲೂಕಿನ ಭಂಡಾರವನ್ನು ಮಾತ್ರ ಇಳಿಸಿಕೊಂಡರೆ ಲೆಕ್ಕ ಮಾಡುವ ಕ್ರಮವಿಧಿಯೇ ಅವನ ಬಳಿ ಇರುವುದಿಲ್ಲ. ಇನ್ನೊಂದು ಪರಿಹಾರ ಪಟ್ಟಿಯಲ್ಲಿಯೇ ಒಂದು ನಿಯಮ ಬರೆಯುವುದು:

[ಗುಂಪು "ಶಿಕ್ಷಣ:ಮಧುಗಿರಿ"]
ಒಂದೇ-ಮುದ್ರೆ = ಮಾಪನ

ಸದಸ್ಯರು ಯಾರೆಂದು ಇಲ್ಲಿ ಬರೆದಿಲ್ಲ. ಅದು ಆಯಾ ಒಳಭಂಡಾರದ ಅಡಿಯಲ್ಲಿಯೇ ಇದೆ. ಗುಂಪಿಗೆ ಒಟ್ಟಾಗಿ ಅನ್ವಯಿಸುವ ಮಾತಿಗೆ ಮಾತ್ರ ಈ ಜಾಗ. ಈ ಗುಂಪಿನ ಎಲ್ಲ ಸದಸ್ಯರೊಳಗಿನ ‘ಮಾಪನ’ಕ್ಕೂ ಒಂದೇ ಮುದ್ರೆ ಇರದಿದ್ದರೆ ಹೊರಭಂಡಾರದಲ್ಲಿ ಕಮಿಟ್ ಆಗಕೂಡದು ಎಂದು ಇದರ ಅರ್ಥ. ಬಳಕೆದಾರ ಯಾವ ಗುಂಪನ್ನು ಆರಿಸಿಕೊಂಡಿದ್ದರೂ ತಪಾಸಣೆ ಇಡೀ ಗುಂಪಿಗೆ ನಡೆಯಬೇಕು. ಈಗಿನ ಗಿಟ್‌ನಲ್ಲಾಗಲಿ ಮರ್ಕ್ಯೂರಿಯಲ್‌ನಲ್ಲಾಗಲಿ ಇಂಥ ಸಾಲಿಲ್ಲ. ಕಮಿಟ್‌ಗೆ ಮುನ್ನ ತಾನಾಗಿ ಓಡುವ ಒಂದು ಪುಟ್ಟ ಕ್ರಮವಿಧಿಯಿಂದ ಈ ತಪಾಸಣೆಯನ್ನು ಮಾಡಿಕೊಳ್ಳಬಹುದು. ಎರಡೂ ವ್ಯವಸ್ಥೆಗಳಲ್ಲಿ ಅದಕ್ಕೆ ಅವಕಾಶವಿದೆ.

ಒಂದೇ ಗಣಕದಲ್ಲಿ ಐದು ಕಡತಕೋಶಗಳನ್ನು ಮಾಡಿಕೊಂಡು ಇದನ್ನೆಲ್ಲ ನೀವೇ ಪ್ರಯೋಗ ಮಾಡಿ ನೋಡಬಹುದು. ಅಂತರಜಾಲವೂ ಬೇಡ. 2022ರ ಅಕ್ಟೋಬರ್ ನಂತರದ ಗಿಟ್ ಮಾತ್ರ ಅದೇ ಗಣಕದ ಕಡತಕೋಶವನ್ನು ಒಳಭಂಡಾರವಾಗಿ ಸೇರಿಸಲು ಹೋದರೆ ಅನುಮತಿಯಿಲ್ಲವೆಂದು ನಿಲ್ಲಿಸುತ್ತದೆ. ಅದೂ ಒಂದು ಭದ್ರತಾ ದೋಷವನ್ನು ಮುಚ್ಚಲು ತಂದ ನಿರ್ಬಂಧ. ಪ್ರಯೋಗದ ಮಟ್ಟಿಗೆ ಆ ಒಂದು ಆದೇಶಕ್ಕೆ ಮಾತ್ರ ಅನುಮತಿ ಕೊಡಿ, ಗಣಕದ ಶಾಶ್ವತ ಸಂರಚನೆಯಲ್ಲಿ ಬರೆಯಬೇಡಿ. ನಾಲ್ಕು ಕೋಶಗಳಿಗೆ ನಾಲ್ಕು ತಾಲ್ಲೂಕುಗಳ ಹೆಸರಿಟ್ಟು, ಐದನೆಯದನ್ನು ಹೊರಭಂಡಾರವಾಗಿಸಿ. ಕೊರಟಗೆರೆಯನ್ನು ಎರಡು ಬೇರೆ ಕೀಲಿಮಣೆ ತಂತ್ರಾಂಶಗಳಿಂದ ಟೈಪು ಮಾಡಿ, ಎರಡರ ಬೈಟುಗಳನ್ನೂ ಎಣಿಸಿ ನೋಡಿ.